ಇಪ್ಪತ್ತೊಂದು ಡೆಸಿಬಲ್

“ಫ್ಯಾನ್ ಆಫ್ ಮಾಡಿ ಓದಿ ಅಂತ ಎಷ್ಟು ಸಲ ಹೇಳೋದು, ಟೀಚರ್?”

“ಫ್ಯಾನೇ ಇಲ್ಲ ಕತ್ತರಿಯವರೇ. ಬಟ್ಟೆ ಬೀರು ಒಳಗೆ ತಲೆ ಹಾಕ್ಕೊಂಡು ಓದ್ತಿದೀನಿ. ಅಕ್ಕ ನೋಡಿ ನಗ್ತಾಳೆ.”

“ಮತ್ತೆ ಆ ಸುಯ್ ಅನ್ನೋದು ಎಲ್ಲಿಂದ ಬರ್ತಿದೆ? ಹನ್ನೊಂದನೇ ಅಧ್ಯಾಯ ಇನ್ನೊಂದು ಸಲ ಓದಿ ಕಳಿಸಿ.”

ಫೋನಿನ ಆ ಕಡೆ ಪುಟ ಹಿಂದಕ್ಕೆ ತಿರುವಿದ ಸದ್ದು. ಆಮೇಲೆ, “ಆಯ್ತು,” ಅಂದಳು.

ಆ ‘ಆಯ್ತು’ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ಶಾಲೆಗೆ ರಜೆ ಹಾಕಿ ದಪ್ಪನೆಯ ಕಾದಂಬರಿಯೊಂದನ್ನು ಆಡಿಯೋ ಪುಸ್ತಕಕ್ಕಾಗಿ ಓದುತ್ತಿದ್ದಳು. ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದು ಅವಳ ಕೆಲಸ. ಕೆಮ್ಮು, ತೊದಲು ಕತ್ತರಿಸುವುದು ನನ್ನದು. ಅದಕ್ಕೇ ನಾನು ಕತ್ತರಿ. ಪ್ರತಿ ಫೈಲಿನ ಶುರುವಿನಲ್ಲಿ “ಕತ್ತರಿಯವರೇ, ಅಧ್ಯಾಯ ಇಷ್ಟು” ಅನ್ನುವಳು. ಕೇಳಿ ನಗುತ್ತಿದ್ದೆ, ಅದನ್ನೂ ಕತ್ತರಿಸುತ್ತಿದ್ದೆ.

ಎದುರಿಗೆ ನೋಡಿದ್ದು ಎರಡೇ ಸಲ, ಪ್ರಕಾಶಕರ ಆಫೀಸಿನಲ್ಲಿ. ಎರಡನೇ ಸಲ ಕನ್ನಡಕದ ಮೇಲಿಂದ ನೋಡಿ, “ಓ, ಹೆಡ್‌ಫೋನ್ ಕೆಳಗೆ ನಿಮಗೂ ಕಿವಿ ಇದೆ,” ಅಂದಳು.

“ಅದರಿಂದಲೇ ಆಪತ್ತು. ನಿಮ್ಮ ಧ್ವನಿಗೆ ಮನಸೋತುಬಿಟ್ಟಿದೀನಿ,” ಅಂದೆ. ತಮಾಷೆಯಾಗಿ ಅಂದಿದ್ದು, ಆದರೆ ಸುಳ್ಳಲ್ಲ. ಅವಳು ಕಾಫಿ ಕಪ್ಪಿನೊಳಗೇ ನೋಡುತ್ತಾ ನಕ್ಕಳು, ಮುಖ ಎತ್ತಲಿಲ್ಲ.

ಹನ್ನೆರಡು, ಹದಿಮೂರನ್ನೂ ಮತ್ತೆ ಓದಿಸಿದೆ. ಸುಯ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕೇಬಲ್ ಬದಲಾಯಿಸಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಅಷ್ಟರಲ್ಲಿ ಅವಳು ಫೋನ್ ಮಾಡುವುದು ನಿಲ್ಲಿಸಿ ಬರೀ ಮೆಸೇಜ್ ಕಳಿಸತೊಡಗಿದಳು. ಮುನಿಸು ಅಂದುಕೊಂಡೆ. ಮುನಿಸಿಕೊಳ್ಳುವಷ್ಟು ಹತ್ತಿರವಾದಳಲ್ಲ ಅಂತ ಒಳಗೊಳಗೇ ಖುಷಿಪಟ್ಟ ಪೆದ್ದ ನಾನು.

ಹದಿನೇಳನೇ ಅಧ್ಯಾಯ ಬಂದಾಗ ಸಾಫ್ಟ್‌ವೇರ್ ಪೂರ್ತಿ ಕೈಕೊಟ್ಟಿತು. ಯಾವ ಫೈಲ್ ಬಂದರೂ ಅದರ ಅತಿ ಜೋರಾದ ಸದ್ದನ್ನು ಒಂದೇ ಮಟ್ಟಕ್ಕೆ ತಂದು, ಉಳಿದದ್ದನ್ನೂ ಅಷ್ಟೇ ಏರಿಸುವಂತೆ ಇಟ್ಟಿದ್ದೆ. ನಾರ್ಮಲೈಸ್ ಅನ್ನುತ್ತೇವೆ. ಅಂದು ಅದು ಏನನ್ನೂ ಏರಿಸಲಿಲ್ಲ. ಅವಳ ಧ್ವನಿ ನೂಲಿನಷ್ಟು ಸಣ್ಣಗೆ ಉಳಿಯಿತು. ಮೂರು ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಕಣ್ಣಿಗೆ ಬಿತ್ತು: ಎಂಟನೇ ನಿಮಿಷದಲ್ಲಿ ಸ್ಟೀಲ್ ಲೋಟ ಬಿದ್ದ ಠಣ್ ಶಬ್ದ. ಅದೇ ಆಗಲೇ ಮಟ್ಟ ಮುಟ್ಟಿದ್ದರಿಂದ ಉಳಿದದ್ದು ಏರಲು ಜಾಗವಿರಲಿಲ್ಲ.

ಲೋಟದ ಸದ್ದು ಕತ್ತರಿಸಿದೆ. ಧ್ವನಿ ಎಂದಿನ ಮಟ್ಟಕ್ಕೆ ಎದ್ದಿತು. ಸುಯ್ ಕೂಡ ಜೊತೆಗೇ ಎದ್ದಿತು. ಎಷ್ಟು ಏರಿಸಿದೆ ಅಂತ ಆವತ್ತೇ ಮೊದಲ ಸಲ ನೋಡಿದ್ದು. ಇಪ್ಪತ್ತೊಂದು ಡೆಸಿಬಲ್.

ಹಳೆಯ ಅಧ್ಯಾಯಗಳಿಗೆ ಎಷ್ಟು ಏರಿಸಿತ್ತು ಅಂತಲೂ ತೆಗೆದು ನೋಡಿದೆ. ಮೊದಲನೇ ಅಧ್ಯಾಯಕ್ಕೆ ಮೂರು. ಹನ್ನೊಂದಕ್ಕೆ ಒಂಬತ್ತು. ಹದಿನಾಲ್ಕಕ್ಕೆ ಹದಿನೈದು.

ಅವಳ ಮೇಲ್‌ಗಳಿಂದ ಮೂಲ ಫೈಲುಗಳನ್ನು ಇಳಿಸಿಕೊಂಡು, ಏನನ್ನೂ ಏರಿಸದೆ ಸಾಲಾಗಿ ಕೇಳಿದೆ. ಮೊದಲ ಅಧ್ಯಾಯದಲ್ಲಿ ಎದುರಿಗೇ ಕೂತಿದ್ದವಳು ಹದಿನೇಳರಲ್ಲಿ ಪಕ್ಕದ ಮನೆಯಲ್ಲಿದ್ದಳು. ಸುಯ್ ಅವಳ ಮನೆಯದಲ್ಲ. ಅವಳ ಧ್ವನಿ ಇಳಿದಷ್ಟೂ ನನ್ನ ಸಾಫ್ಟ್‌ವೇರ್ ಅದನ್ನು ಎತ್ತುತ್ತಿತ್ತು, ಕೋಣೆಯ ನಿಶ್ಶಬ್ದವನ್ನೂ ಸೇರಿಸಿ; ಹಾಗೆ ಎತ್ತಿದ ನಿಶ್ಶಬ್ದವೇ ಆ ಸುಯ್. ಅವಳ ಓದನ್ನು ದಿನಾ ಕೇಳುತ್ತಿದ್ದವನು ನಾನೊಬ್ಬನೇ, ನನಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಅವಳ ಮನೆಗೆ ಓಡಿದೆ. ಬಾಗಿಲು ತೆಗೆದದ್ದು ಅಕ್ಕ.

“ನೀವೇನಾ ಕತ್ತರಿ? ಮಾತು ಕಡಿಮೆ ಮಾಡು ಅಂತ ಡಾಕ್ಟರ್ ಬಡ್ಕೊಂಡ್ರು. ನೀವು ಮೂರು ಅಧ್ಯಾಯ ಎರಡೆರಡು ಸಲ ಓದಿಸಿದ್ರಿ. ಗಂಟಲಲ್ಲಿ ಗಡ್ಡೆ. ನಾಡಿದ್ದು ಆಪರೇಷನ್. ಧ್ವನಿಪೆಟ್ಟಿಗೇನೇ ತೆಗೀತಾರಂತೆ.”

ಅವಳು ಬೀರುವಿನ ಪಕ್ಕ ಕುರ್ಚಿಯಲ್ಲಿದ್ದಳು, ತೊಡೆಯ ಮೇಲೆ ಕಾದಂಬರಿ. ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡಳು.

“ಸುಯ್ ನಿಮ್ಮದಲ್ಲ,” ಅಂದೆ. “ನನ್ನದು.”

“ಗೊತ್ತಿತ್ತು.” ಪಿಸುಮಾತು. ಕೇಳಲು ನೆಲದ ಮೇಲೆ ಅವಳ ಹತ್ತಿರ ಕೂರಬೇಕಾಯಿತು.

“ಮತ್ತೆ ಯಾಕೆ ಓದಿದ್ರಿ?”

“ಇನ್ನೊಂದು ಸಲ ಕೇಳ್ಬೇಕು ಅನ್ನೋರು ಒಬ್ರಿದ್ರಲ್ಲ.” ಉಸಿರು ತೆಗೆದುಕೊಂಡಳು. “ನೀವು ಮನಸೋತಿದ್ದು ಇದಕ್ಕೇ ಅಂದ್ರಿ. ಇದೇ ಹೋದ್ಮೇಲೆ ನನ್ನತ್ರ ಏನಿರುತ್ತೆ?”

ನನಗೆ ಅಳು ಬಂತು. ಅತ್ತೆ. ಅಳುತ್ತಲೇ, “ಕನ್ನಡಕದ ಮೇಲಿಂದ ಬಯ್ಯೋಕೆ ಧ್ವನಿ ಬೇಕಾ, ಟೀಚರ್? ನಂಗೆ ನೀವು ಬೇಕು,” ಅಂದೆ.

ಅವಳು ಪುಸ್ತಕ ಮುಚ್ಚಿ ನನ್ನ ತಲೆಯ ಮೇಲೆ ಮೆಲ್ಲಗೆ ಕುಟ್ಟಿದಳು. ಉಳಿದ ಅಧ್ಯಾಯಗಳನ್ನು ಬೇರೆ ಯಾರೋ ಓದಿದರು.

ಈಗ ಅವಳ ಕುತ್ತಿಗೆಗೆ ಮೆತ್ತನೆಯ ಬಟ್ಟೆಯಿದೆ, ಕೈಯಲ್ಲಿ ಸ್ಲೇಟಿದೆ. ಬರೆಯುತ್ತಾಳೆ, ಒರೆಸುತ್ತಾಳೆ. ಕೆಲವು ದಿನ ಏನೂ ಬರೆಯದೆ ಗೋಡೆ ನೋಡುತ್ತಾಳೆ. ಆ ದಿನಗಳಿಗೆ ನನ್ನಲ್ಲಿ ಯಾವ ಮದ್ದೂ ಇಲ್ಲ.

ನಿನ್ನೆ ಅವಳೇ ಕೇಳಿದ್ದಕ್ಕೆ, ಮೂಲ ಫೈಲುಗಳಿಂದ ಹದಿನೇಳು ‘ಕತ್ತರಿಯವರೇ’ಗಳನ್ನು ಆರಿಸಿ ಒಂದರ ಹಿಂದೊಂದು ಜೋಡಿಸಿ ಹಾಕಿದೆ. ಹದಿನೈದರ ಹೊತ್ತಿಗೆ ಕೇಳಿಸುವುದೇ ಕಷ್ಟವಾಯಿತು. ವಾಲ್ಯೂಮ್ ಏರಿಸಲು ಕೈ ಚಾಚಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ಬೇಡ ಅಂತ ತಲೆಯಾಡಿಸಿದಳು. ಕೊನೆಯದು ಮುಗಿಯುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು.