ಪಾಟನ್ ಪೇಟೆಯ ಬೆಳ್ಳಿ ಕರಡಿಗೆ

"ಇದನ್ನ ಕೊಳ್ಳಾಗ ಹಿಡಕೊಂಡು ತೋರ್ಸು ಯವ್ವಾ ಅಮ್ಮು. ಹೆಂಗ ಒಪ್ಪತೈತಿ ನೋಡೂನು."

ರಾಜೇಶ್ವರಿ ಕಾಕೂ ಎತ್ತಿ ಹಿಡಿದದ್ದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಬೆಳ್ಳಿ ಪೆಟ್ಟಿಗೆ. ಮುಚ್ಚಳದ ಮೇಲೆ ಅರಳಿದ ಕಮಲ, ಎರಡೂ ಬದಿಗೆ ದಾರ ಪೋಣಿಸುವ ಕಿವಿ. ನೇಪಾಳದ ಪಾಟನ್ ನಗರದ ಆ ಕಿರಿದಾದ ಓಣಿಯಲ್ಲಿ ನೇವಾರ ಕುಶಲಿಗರ ಸುತ್ತಿಗೆಯ ಸದ್ದು ಟಿಣ್ ಟಿಣ್ ಎಂದು ಕೇಳುತ್ತಲೇ ಇತ್ತು.

ಅಮ್ಮು ಎಂದರೆ ಆಮ್ರಪಾಲಿ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಕಲ್ಲೋಳಿಯಿಂದ ಹೊರಟ ಕಾಶಿ-ನೇಪಾಳ ಟೂರಿನ ಬಸ್ಸಿನಲ್ಲಿ ಅವಳ ಸೀಟು ಕಾಕೂನ ಬಾಜೂಕ್ಕೆ. ಕಾಕೂನ ಮಗ ಶ್ರೀಶೈಲನ ಸೀಟು ಅವರ ಹಿಂದೆ. ಅವನಿಗೂ ಅವಳಿಗೂ ನಡುವೆ ಏನಿದೆ ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಡ್ರೈವರನ ಕನ್ನಡಿಗೆ ಸ್ವಲ್ಪ ಅನುಮಾನವಿದ್ದರೂ ಇರಬಹುದು.

"ನನಗ ಯಾಕ್ರಿ ಕಾಕೂ ಇದು?"

"ನಿನ್ನ ಕೊಳ್ಳು ಬರಿದ ಐತಿ. ಬಸ್ ಹತ್ತಿದಾಗಿಂದ ನೋಡಾಕತ್ತೇನಿ. ಈಗಿನ ಹುಡುಗ್ಯಾರು ಲಿಂಗಾ ಮನ್ಯಾಗಿಟ್ಟು ದೇಶಾ ತಿರಗತೀರಿ. ನಮ್ಮ ಪೈಕಿ ಹುಡುಗಿ, ಒಂದು ಕರಡಿಗಿ ಇಲ್ಲಂದ್ರ ಹೆಂಗ?"

ಅಂಗಡಿಯವನು ಹಿಂದಿಯಲ್ಲಿ ನಡುವೆ ಬಾಯಿ ಹಾಕಿದ. ನಮ್ಮ ಕಡೆ ಬೌದ್ಧರು ಇದರಲ್ಲಿ ಬುದ್ಧನನ್ನಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರೆ ಮಾತಾಜಿ, ಎಂದ.

"ಲಿಂಗಾನೂ ಹಿಡಿತೈತಿ ತಗೋಪಾ," ಎಂದು ಕಾಕೂ ರೊಕ್ಕ ತೆಗೆದರು.

ನಮ್ಮ ಪೈಕಿ.

ಆಮ್ರಪಾಲಿಯ ಕಿವಿ ಬಿಸಿಯಾಯಿತು. "ಯಾರ ಹೇಳಿದ್ರು ನಿಮಗ, ನಾ ನಿಮ್ಮ ಪೈಕಿ ಅಂತ?"

"ಮತ್ಯಾರು? ನಮ್ಮ ಶ್ರೀಶೈಲ. ಹುಕ್ಕೇರಿ ಕಡೆ ನಮ್ಮಾವರ ಯವ್ವಾ, ಅಂದ."

ಅವಳು ಬಾಗಿಲ ಕಡೆ ತಿರುಗಿದಳು. ಶ್ರೀಶೈಲ ಒಂದು ಕಂಚಿನ ಬಟ್ಟಲನ್ನು ಅದರಲ್ಲಿ ತನ್ನ ಮುಖ ಹುಡುಕುವವನಂತೆ ನೋಡುತ್ತ ನಿಂತಿದ್ದ.

*

ಹುಕ್ಕೇರಿಯಲ್ಲಿ ಭಾನುವಾರದ ಓದುಬಳಗ ಸೇರುವುದು ಆಮ್ರಪಾಲಿಯ ಮನೆಯ ಪಡಸಾಲೆಯಲ್ಲಿ. ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಶ್ರೀಶೈಲ ಮೊದಲ ಸಲ ಅಲ್ಲಿಗೆ ಬಂದು, ಬಾಗಿಲ ಬಳಿ ಚಪ್ಪಲಿಗಳ ನಡುವೆಯೇ ಕುಳಿತಿದ್ದ. ಅಂದು ಕಲ್ಯಾಣದ ಆ ಮದುವೆಯ ಕತೆ ಓದುವ ಸರದಿ ಅವನದಾಯಿತು. ಮೇಲುಕುಲದ ಹುಡುಗಿ, ಚಪ್ಪಲಿ ಹೊಲಿಯುವವರ ಹುಡುಗ, ಆಮೇಲೆ ರಕ್ತ. ಓದುವಾಗ ಅವನ ದನಿ ನಡುಗಿತು. ಆ ನಡುಕಕ್ಕೇ ಅವಳು ಸೋತದ್ದು.

ಟೂರಿಗೆ ಬಾ ಎಂದವನೂ ಅವನೇ. "ಅವ್ವ ನಿನ್ನ ನೋಡ್ಲಿ, ನಿನ್ನ ಮಾತು ಕೇಳ್ಲಿ. ನಾ ಮದಿವಿ ಮಾತು ತಗ್ಯೂದ್ರೊಳಗ ಅಕಿಗಿ ನಿನ್ನ ಮ್ಯಾಲ ಮನಸಾಗ್ಲಿ."

ಅವಳು ಒಂದೇ ಷರತ್ತು ಹಾಕಿದ್ದಳು. "ನಮ್ಮ ಪ್ರೀತಿ ಮುಚ್ಚಿಡು, ನಡೀತೈತಿ. ನಾ ಯಾರಾಕಿ ಅನ್ನೂದು ಮುಚ್ಚಿಡಬ್ಯಾಡ."

"ಹೇಳೇನಿ," ಎಂದಿದ್ದ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ.

*

ಅರಮನೆ ಚೌಕದಲ್ಲಿ ಕೆತ್ತನೆಯ ಮರದ ಕಿಟಕಿಗಳು ಸಾಲಾಗಿದ್ದವು. ಎಳೆ ಎಳೆಯಾಗಿ ಹೆಣೆದ ಜಾಲರಿ. ಒಳಗಿನವರಿಗೆ ಬೀದಿಯೆಲ್ಲ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ ಎಂದು ಗೈಡ್ ವಿವರಿಸುತ್ತಿದ್ದ. ಆಮ್ರಪಾಲಿ ಶ್ರೀಶೈಲನ ತೋಳು ಹಿಡಿದು ಕಂಬದ ಮರೆಗೆ ಎಳೆದಳು. ಬೇರೆ ದಿನವಾಗಿದ್ದರೆ ಆ ಹಿಡಿತಕ್ಕೆ ಅವನು ಕೆಂಪಾಗುತ್ತಿದ್ದ. ಇಂದು ಬಿಳುಪೇರಿದ.

"ಕೇಳಿದೇನು? ನನ್ನೂ ನೀ ಇಂಥಾ ಕಿಟಕಿ ಹಿಂದ ನಿಂದ್ರಿಸಿದಿ."

"ಅಮ್ಮು, ಹೇಳಾಂವನ ಇದ್ನಿ. ಯಾಳೇ ನೋಡಿ..."

"ಯಾಳೇ ನೋಡಾಕ ನೀ ಏನ್ ಮುಹೂರ್ತಾ ಇಡಾಂವಾ? ಕಲ್ಯಾಣದ ಮದಿವಿ ಓದೂಮುಂದ ದನಿ ನಡಗತಿತ್ತಲ್ಲಾ, ಅದು ಎಲ್ಲಿ ಹೋತು? ಪುಸ್ತಕಾ ಮುಚ್ಚಿದ ಕೂಡ್ಲೆ ನಿಂತ್ಹೋತೇನು?"

"ಅವ್ವಗ ನೀ ಅಂದ್ರ ಜೀವಾ ಆಗೈತಿ. ನೀನ ನೋಡಾಕತ್ತಿ."

ಅವಳ ಕಣ್ಣು ತುಂಬಿದವು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಗೋರಖಪುರದಾಗ ನಿಮ್ಮವ್ವ ನನ್ನ ತಾಟಿನಾಗಿನ ರೊಟ್ಟಿ ಮುರದು ಬಾಯಾಗ ಹಾಕ್ಕೊಂಡ್ರು. ಎಲ್ಲಾ ಗೊತ್ತಿದ್ದೂ ಉಣ್ಣಾಕತ್ತಾರ ಅಂತ ತಿಳದು ಲಾಡ್ಜಿನ ಬಚ್ಚಲದಾಗ ನಿಂತು ಅತ್ತೇನಿ ಶ್ರೀಶೈಲ. ಸಂತೋಷಕ್ಕ! ಅದನ್ನೂ ನೀ ಸುಳ್ಳ ಮಾಡಿದಿ. ಅಕಿ ಪ್ರೀತಿ ಮಾಡಿದ್ದು ನನ್ನಲ್ಲ, ನೀ ಹುಟ್ಟಿಸಿದ ಯಾವ ಅಮ್ಮುನ್ನೋ. ಹೆಸರ ಕೇಳಿದ್ರ ಗೊತ್ತಾಗತೈತಿ ಅಂತ ಆಮ್ರಪಾಲಿ ಅನ್ನೂದನ್ನೂ ಅಕಿಗಿ ಹೇಳಿಲ್ಲ ನೀ."

ಪಾರಿವಾಳದ ಹಿಂಡೊಂದು ಗುಡಿಯ ಮಾಡಿನಿಂದ ಭರ್ರನೆ ಎದ್ದಿತು.

"ಭಕ್ತಪುರದಿಂದ ಬಸ್ ಬಿಡೂದ್ರೊಳಗ ನೀನ ಹೇಳಬೇಕು. ಎಲ್ಲಾರ ಮುಂದ. ನಾ ಹೇಳೂಹಂಗ ಆತಂದ್ರ, ಅಲ್ಲಿಗೆ ಮುಗೀತು."

ಅವಳು ನಡೆದುಬಿಟ್ಟಳು. ಸೆರಗು ಹಿಡಿದು ನಿಲ್ಲಿಸಲು ಕೈ ಚಾಚಿದವನು ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡ. ಅದನ್ನೂ ಅವಳು ಓರೆಗಣ್ಣಿನಲ್ಲಿ ನೋಡಿದ್ದಳು. ಹಿಡಿದಿದ್ದರೆ ಬೈಯುತ್ತಿದ್ದಳು. ಹಿಡಿಯಲಿಲ್ಲವೆಂದು ಇನ್ನಷ್ಟು ಬಿರುಸಾಗಿ ನಡೆದಳು.

*

ಗೈಡ್ ಅವರನ್ನೆಲ್ಲ ಕುಮಾರಿಯ ಮನೆಗೆ ಕರೆದೊಯ್ದ. ಜೀವಂತ ದೇವಿ. ಕೆಂಪು ಬಟ್ಟೆ ಉಟ್ಟು, ಕಣ್ಣಿನ ಕಾಡಿಗೆ ಕಿವಿಯತನಕ ಎಳೆದ ಪುಟ್ಟ ಹುಡುಗಿ. ಆಟವಾಡುವ ವಯಸ್ಸಿನಲ್ಲಿ ನಗದೆ ಕುಳಿತಿದ್ದಳು. ಆ ಮಗುವನ್ನು ಕಂಡು ಆಮ್ರಪಾಲಿಗೆ ಭಕ್ತಿ ಬರಲಿಲ್ಲ, ಕರುಳು ಚುರ್ರೆಂದಿತು.

"ಈಕಿ ಯಾವ ಮನಿತನದಾಕಿ?" ಟೂರಿನ ಮುಖಂಡ ಸತ್ಯಪ್ಪ ಕೇಳಿದ. ದೇವಿಗೂ ಮನೆತನ ಕೇಳುವ ಗಂಡಸು.

"ಬೌದ್ಧರ ಮನೆತನ. ಹಿಂದೆ ರಾಜರೂ ಈ ಕಾಲಿಗೆ ನಮಸ್ಕರಿಸುತ್ತಿದ್ದರು," ಎಂದ ಗೈಡ್.

ಸತ್ಯಪ್ಪ ಉದ್ದಕ್ಕೆ ಮಲಗಿ ನಮಸ್ಕಾರ ಹಾಕಿದ. ಅವನ ಹಿಂದೆ ಇಡೀ ಬಸ್ಸು ಬಾಗಿತು. ಎರಡನೆಯ ದಿನವೇ ಅಡಿಗೆಯವನಿಗೆ "ತಾಟು ತೊಳ್ಯಾಕ ಯಾರ ಯಾರನೋ ಹಚ್ಚಬ್ಯಾಡ, ಪೈಕಿ ನೋಡು" ಎಂದು ತಾಕೀತು ಮಾಡಿದ್ದವನು ಇವನೇ. ಜಾತಿಗೆ ಯಾವ ಗಡಿಯಲ್ಲೂ ತಪಾಸಣೆಯಿಲ್ಲ. ರೊಟ್ಟಿ ಗಂಟಿನ ಜೊತೆ ಬಸ್ಸಿನ ಮೇಲೆ ಕಟ್ಟಿಕೊಂಡು ಹಿಮಾಲಯದವರೆಗೂ ಬರುತ್ತದೆ. ಈ ಚೆಲುವಾದ ಊರುಗಳಿಗೂ ಊರಾಚೆಯ ಕೇರಿಗಳಿದ್ದವೆಂದು ಆಮ್ರಪಾಲಿ ಓದಿದ್ದಳು. ಕೆತ್ತನೆ ಎಷ್ಟೇ ನಯವಿರಲಿ, ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೇ ಅವಳ ಪ್ರಶ್ನೆ.

*

ಭಕ್ತಪುರ ಮುಟ್ಟಿದಾಗ ಬಿಸಿಲು ಹಣ್ಣಾಗಿತ್ತು. ಕುಂಬಾರರ ಓಣಿಯಲ್ಲಿ ಹಸಿ ಗಡಿಗೆಗಳು ಒಣಗುತ್ತಿದ್ದವು. ಐದು ಮಾಡಿನ ಎತ್ತರದ ಗುಡಿಯ ಮೆಟ್ಟಿಲ ಮೇಲೆ ಕಲ್ಲೋಳಿಯ ಮಂದಿಯೆಲ್ಲ ಕುಳಿತು, ಮಣ್ಣಿನ ಬಟ್ಟಲುಗಳಲ್ಲಿ ಆ ಊರಿನ ಹೆಸರುವಾಸಿ ಸಿಹಿ ಮೊಸರು ತಿನ್ನತೊಡಗಿದರು.

ಕಾಕೂ ತಮ್ಮ ಬಟ್ಟಲಿನಿಂದ ಒಂದು ಚಮಚ ತುಂಬಿ ಆಮ್ರಪಾಲಿಯ ಬಾಯಿಯ ಹತ್ತಿರ ಹಿಡಿದರು. "ತಿನ್ನು ಬಾ. ಮುಂಜಾನಿಯಿಂದ ಮುಖಾ ಗಂಟ ಹಾಕ್ಕೊಂಡ ಕುಂತಿ."

ಆಮ್ರಪಾಲಿ ಆ ಕೈಯನ್ನು ಮೆಲ್ಲನೆ ಹಿಡಿದು ನಿಲ್ಲಿಸಿದಳು. ಎರಡು ಮೆಟ್ಟಿಲು ಕೆಳಗೆ ಕುಳಿತ ಶ್ರೀಶೈಲನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ.

ಅವನ ಬಟ್ಟಲು ಕೈಯಿಂದ ಜಾರಿ ಕಲ್ಲಿನ ಮೇಲೆ ಒಡೆಯಿತು. ಎದ್ದು ನಿಂತ.

"ಯವ್ವಾ, ನಿನಗ ನಾ ಸುಳ್ಳ ಹೇಳೇನಿ. ಈಕಿ ನಮ್ಮ ಪೈಕಿ ಅಲ್ಲ. ಬೌದ್ಧರಾಕಿ. ಹುಕ್ಕೇರಿ ಅಂಬೇಡ್ಕರ್ ನಗರದಾಕಿ. ಮದಿವಿ ಅಂತ ಆದ್ರ ಈಕಿನ್ನ ಆಗಾಂವಾ ನಾ. ನೀ ಒಲ್ಲೆಂದ್ರೂನೂ."

ಕೊನೆಯ ಮಾತಿಗೆ ದನಿ ನಡುಗಿತು. ಪಡಸಾಲೆಯಲ್ಲಿ ನಡುಗಿದ ಹಾಗೆಯೇ. ಆದರೆ ಈಗ ಕೈಯಲ್ಲಿ ಪುಸ್ತಕವಿರಲಿಲ್ಲ.

ಸತ್ಯಪ್ಪ ಬಟ್ಟಲು ಕೆಳಗಿಟ್ಟ. "ಇಷ್ಟ ದಿನಾ ನಮ್ಮ ಪಂಕ್ತ್ಯಾಗ ಕುಂದರ್ಸಿ ಉಣಿಸಿದೇನಲೇ? ಹೇಳೂದಲ್ಲೇನು?"

"ಹೇಳಿದ್ರ ಏನ್ ಮಾಡತಿದ್ರಿ ಕಾಕಾ?" ಆಮ್ರಪಾಲಿ ಎದ್ದಳು. "ಮುಂಜಾನಿ ಬೌದ್ಧರ ಕೂಸಿನ ಕಾಲಿಗಿ ಉದ್ದಕ ಬಿದ್ರಲ್ರಿ? ಅಕಿ ಗದ್ದಿಗಿ ಮ್ಯಾಲ ಕುಂತ್ರ ದೇವಿ, ನಾ ನಿಮ್ಮ ಬಾಜೂ ಕುಂತ್ರ ಮೈಲಿಗಿ? ನನಗ ಗದ್ದಿಗಿ ಬ್ಯಾಡ್ರಿ. ಪಂಕ್ತ್ಯಾಗ ಜಾಗಾ ಕೇಳಾಕೂ ಬಂದಿಲ್ಲ. ರೊಕ್ಕಾ ಕೊಟ್ಟೇನಿ, ಸೀಟಿನಾಗ ಕುಂತೇನಿ. ನನ್ನ ಹೆಸರು ನನಗ ವಾಪಸ್ ಕೊಡ್ರಿ, ಅಷ್ಟ ಸಾಕು!"

ಯಾರೋ ಕೆಮ್ಮಿದರು. ಕಾಕೂನ ಚಮಚ ಇನ್ನೂ ಗಾಳಿಯಲ್ಲೇ ಇತ್ತು. ಅವರು ಅದನ್ನು ಬಾಯಿಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

"ನನಗ ಸಿಟ್ಟ ಬಂದೈತಿ," ಎಂದರು ಕೊನೆಗೆ. "ಯಾರ ಮ್ಯಾಲ ಅಂತ ಇನ್ನೂ ಗೊತ್ತಾಗವಲ್ದು. ಸುಮ್ಮ ಇರ್ರಿ ಎಲ್ಲಾರೂ."

*

ಬಸ್ಸಿನಲ್ಲಿ ಆಮ್ರಪಾಲಿ ತಾನಾಗಿಯೇ ಹಿಂದಿನ ಉದ್ದ ಸೀಟಿಗೆ ಹೋದಳು. ಯಾರೂ ಕಳಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಶ್ರೀಶೈಲ ತನ್ನ ಬ್ಯಾಗು ಎತ್ತಿಕೊಂಡು, ಎಲ್ಲರ ಕಣ್ಣ ಮುಂದೆ ನಡೆದು ಬಂದು ಅವಳ ಪಕ್ಕ ಕುಳಿತ. ಇಷ್ಟು ದಿನ ಸೀಟಿನ ಸಂದಿಯಿಂದ ಅವಳ ಜಡೆಯ ತುದಿಯನ್ನಷ್ಟೇ ನೋಡಿಕೊಂಡು ಬಂದವನು.

"ಸಿಟ್ಟು ಇಳೀತೇನು?"

"ಇಲ್ಲ."

"ಯಾವಾಗ ಇಳಿತೈತಿ?"

"ಹುಕ್ಕೇರಿಗಿ ಹೋದಿಂದ ಹಗಲೊತ್ತಿನ್ಯಾಗ ನಮ್ಮ ಓಣಿಗಿ ಬಾ. ನಮ್ಮಪ್ಪನ ಮುಂದ ನಿಂತು ಸುಳ್ಳ ಹೇಳಿದ್ನಿ ಅಂತ ಒಪ್ಪಗೋ. ಆಮ್ಯಾಲ ನೋಡೂನು."

"ನಿಮ್ಮಪ್ಪ ಬಡದ್ರ?"

"ನಾ ಬಿಡ್ಸಂಗಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ, ಆದರೆ ಕಿಟಕಿಯ ಗಾಜಿನಲ್ಲಿ ಕಂಡ ಅವನ ನಗುವನ್ನು ಹೆಚ್ಚು ಹೊತ್ತೇ ನೋಡಿದಳು. ಅವನ ಕಿರುಬೆರಳು ಸೀಟಿನ ಮೇಲೆ ಸರಿದು ಅವಳ ಕಿರುಬೆರಳಿಗೆ ತಾಕಿ ನಿಂತಿತು. ಅವಳು ಕೈ ತೆಗೆಯಲಿಲ್ಲ.

ಬಸ್ಸು ತಿರುವಿನಲ್ಲಿ ವಾಲುತ್ತಿತ್ತು. ಒಂದೊಂದೇ ಸೀಟಿನ ಬೆನ್ನು ಹಿಡಿಯುತ್ತ, ಮೊಣಕಾಲು ನೋವಿಗೆ ಹಲ್ಲು ಕಚ್ಚುತ್ತ ಕಾಕೂ ಹಿಂದಕ್ಕೆ ಬಂದರು. ಬೆಳ್ಳಿ ಪೆಟ್ಟಿಗೆ ಮುಂದೆ ಚಾಚಿದರು.

"ಹಿಡಿ."

"ಇದು ಅಮ್ಮುಗ ಕೊಂಡದ್ರಿ, ನಿಮ್ಮ ಪೈಕಿಯಾಕಿಗಿ. ಅಕಿ ಇಲ್ಲ."

"ಅಕಿ ಹಾಳಾಗ್ಲಿ." ಕಾಕೂ ಮಗನ ಕಡೆ ಬೆರಳು ಮಾಡಿದರು. "ಈ ಬದ್ಮಾಷನ ಮ್ಯಾಲ ಸಿಟ್ಟ ಐತಿ. ನನ್ನ ಕೇಳದನ, ನಾ ಏನ್ ಅಂತೇನಿ ಅಂತ ತಾನ ಠರಾಸಿಬಿಟ್ಟ. ಅಂವಾ ಕೇಳಿದ್ರ ನಾ ಏನ್ ಅಂತಿದ್ನ್ಯೋ, ಅದರ ಮ್ಯಾಲೂ ಸಿಟ್ಟ ಬಂದೈತಿ. ಒಳಗ ಏನ್ ಇಡ್ತಿ ಅನ್ನೂದು ನಿನಗ ಬಿಟ್ಟದ್ದು. ಅಂಗಡಿಯಾಂವ ಹೇಳಿದ್ನಲ್ಲಾ."

ಆಮ್ರಪಾಲಿ ಇನ್ನೂ ಕೈ ಚಾಚಲಿಲ್ಲ.

ಕಾಕೂ ಇಬ್ಬರ ನಡುವೆ ಜಾಗ ಮಾಡಿಸಿಕೊಂಡು ಧೊಪ್ಪನೆ ಕುಳಿತರು. ಮುಂದಿನ ಸೀಟಿನಿಂದ ಸತ್ಯಪ್ಪ ಹೊರಳಿ ನೋಡಿದ. ಅವನಿಗೆ ಕೇಳಲಿ ಎಂದೇ ಏನೋ, ಕಾಕೂ ದನಿ ಏರಿಸಿ ಕೇಳಿದರು.

"ನಿನ್ನ ಹೆಸರ ಹೇಳ ಯವ್ವಾ. ಪೂರಾ ಹೇಳು."

"ಆಮ್ರಪಾಲಿ."

"ಆಮ್ರಪಾಲಿ," ಎಂದರು ಕಾಕೂ, ಬಸ್ಸಿಗೆಲ್ಲ ಕೇಳುವಂತೆ.

ಆಗ ಅವಳು ಕೈ ಚಾಚಿದಳು.