ಮುಂಬೈಯಲ್ಲಿದ್ದ ಗಂಡ

"ಮದುವೆ ಆಗಿದ್ಯೇನಮ್ಮ?"

ಬನಶಂಕರಿ ಎರಡನೇ ಹಂತದ ಆ ಔಷಧಿ ಅಂಗಡಿಯ ಮುಂದೆ ಸಂಜೆಯ ಹೊತ್ತಿಗೆ ಜನ ಮುತ್ತಿಕೊಂಡಿದ್ದರು. ಅಷ್ಟೂ ಜನರ ಎದುರಿಗೆ ಅಂಗಡಿಯ ಯಜಮಾನ ವೆಂಕಟಾಚಲಯ್ಯ ಕನ್ನಡಕದ ಮೇಲಿನಿಂದ ನೋಡುತ್ತಾ ಕೇಳಿಯೇಬಿಟ್ಟರು.

ಭಾಗ್ಯಜ್ಯೋತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಕೇಳಿದ್ದು ಗರ್ಭ ನಿಲ್ಲದಿರಲೆಂದು ಹೆಂಗಸರು ನುಂಗುವ ಮಾತ್ರೆ. 2004ರ ಬೆಂಗಳೂರು ಅದು. ಒಂಟಿ ಹುಡುಗಿಯೊಬ್ಬಳು ಆ ಹೆಸರೆತ್ತಿದರೆ ಸುತ್ತ ನಿಂತವರ ಕಿವಿಯೆಲ್ಲ ನೆಟ್ಟಗಾಗುತ್ತಿದ್ದವು.

ಅವಳ ಪರ್ಸಿನಲ್ಲಿ ಡಾಕ್ಟರ ಚೀಟಿ ಇತ್ತು. ತೆಗೆದು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಚರ್ಮದ ಡಾಕ್ಟರ ಚೀಟಿ. ತೋರಿಸಿದ ಮರುಕ್ಷಣ ಎಲ್ಲರೂ ತಲೆಯೆತ್ತಿ ಅವಳ ಗದ್ದ ನೋಡುತ್ತಾರೆ... ಗದ್ದದ ಮೇಲಿನ ಕೆಂಪು ಮೊಡವೆ ನೋಡುತ್ತಾರೆ. ಗಲ್ಲಾದ ಪಕ್ಕದಲ್ಲಿ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದ ಆ ಯುವಕನೂ ನೋಡುತ್ತಾನೆ.

ಮೊಡವೆಗಿಂತ ಗಂಡನೇ ವಾಸಿ ಅನ್ನಿಸಿತು ಪುಣ್ಯಾತ್ಗಿತ್ತಿಗೆ!

"ಆಗೇತ್ರಿ," ಎಂದಳು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ನಮ್ಮ ಮನಿಯವ್ರು ಮುಂಬೈದಾಗ ಅದಾರ್ರಿ. ಸಂಗಮೇಶ ಅಂತ. ತಿಂಗಳಿಗೊಮ್ಮೆ ಬರ್ತಾರ್ರಿ."

ಯಾರೋ ಕಿಸಕ್ಕನೆ ನಕ್ಕರು.

"ಮಾವ, ಸುಮ್ನಿರಿ. ಅದೆಲ್ಲ ನಮಗ್ಯಾಕೆ," ಎಂದ ಆ ಯುವಕ. ಮಾತ್ರೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅವಳ ಮುಖ ನೋಡದೆ ಮುಂದಕ್ಕೆ ಹಿಡಿದ. "ತಗೊಳ್ಳಿ ಮೇಡಂ."

ಅವನು ಭಾರ್ಗವ, ವೆಂಕಟಾಚಲಯ್ಯನವರ ತಂಗಿಯ ಮಗ. ಶ್ರೀನಗರದಲ್ಲಿ ಮನೆ. ಆ ಊರಲ್ಲಿ ಅವಳ ಮಾನ ಕಾಪಾಡಿದ ಮೊದಲ ಮನುಷ್ಯ ಅವನೇ. ಆದರೇನು, ಅವನ ಪಾಲಿಗೆ ಅವಳಾಗಲೇ ಸಂಗಮೇಶನ ಹೆಂಡತಿ!

ಇಷ್ಟಕ್ಕೂ ಕಾರಣ ಜಯನಗರದ ಆ ಚರ್ಮದ ಡಾಕ್ಟರು. ಭಾಗ್ಯಜ್ಯೋತಿ ಸಂಜೆಯಿಡೀ ಕಾದು ಒಳಗೆ ಹೋದರೆ, ಆಕೆ ದೀಪದ ಬೆಳಕಿಗೆ ಗದ್ದವನ್ನು ಅತ್ತಿತ್ತ ತಿರುಗಿಸಿ ನೋಡಿ, "ಮೈಲ್ಡ್ ಹಾರ್ಮೋನಲ್ ಆಕ್ನೆ. ಏನೂ ದೊಡ್ಡದಲ್ಲ," ಎಂದು ಬರೆಯತೊಡಗಿದ್ದರು. ಒಂದು ಕ್ರೀಮು, ಹಾರ್ಮೋನು ಹದಕ್ಕೆ ಬರಲೆಂದು ಈ ಮಾತ್ರೆ. "ಆರು ತಿಂಗಳು ತಗೊಳ್ಳಿ. ಸ್ಟ್ರೆಸ್ ಮಾಡ್ಕೋಬೇಡಿ. ಕನ್ನಡಿ ಕಡಿಮೆ ನೋಡಿ."

ಕನ್ನಡಿ ನೋಡದಿದ್ದರೆ ಆಯಿತೇ? ಅವಳನ್ನು ನೋಡುವವರ ಕಣ್ಣು ಕಟ್ಟುವವರು ಯಾರು?

ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಹಿಡಿದವಳು ಅವಳು. ಜಯನಗರದ ಕೊರಿಯರ್ ಆಫೀಸಿನ ಮುಂದಿನ ಕೌಂಟರಿನಲ್ಲಿ ಕೆಲಸ. ಮೊಡವೆ ಶುರುವಾದ ಮೇಲೆ ಮ್ಯಾನೇಜರ್ ನಯವಾಗಿ, "ಸ್ವಲ್ಪ ದಿನ ಒಳಗಡೆ ಕೂತ್ಕೊಳ್ಳಿ ಜ್ಯೋತಿ," ಎಂದು ಪಾರ್ಸೆಲ್ಲುಗಳ ಕೋಣೆಗೆ ಕಳಿಸಿದ್ದ. ಅಲ್ಲಿ ಮಾತಾಡುವುದಕ್ಕೆ ನರಪಿಳ್ಳೆ ಇರಲಿಲ್ಲ. ಭಾನುವಾರ ಅವ್ವ ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗಲೂ ಮೊದಲ ಮಾತು ಅದೇ. "ಮಾರಿ ಮ್ಯಾಗಿನ ಗುಳ್ಳಿ ಹೋದುವೇನ?"

ಬಿಟಿಎಂನಲ್ಲಿ ಔಷಧಿ ಅಂಗಡಿ ಇರಲಿಲ್ಲವೆಂದಲ್ಲ. ಆ ಅಂಗಡಿಯವನ ಹೆಂಡತಿಗೂ ಅವಳ ಕೋಣೆಯ ಓನರ್ ಆಂಟಿಗೂ ಸ್ನೇಹ. ಇಂಥ ಮಾತ್ರೆ ಕೊಂಡಳೆಂದು ಗೊತ್ತಾದರೆ ರೂಮು ಖಾಲಿ ಮಾಡಬೇಕಾಗುತ್ತಿತ್ತು. ಅದಕ್ಕೇ ಗುರುತಿಲ್ಲದ ಬನಶಂಕರಿಗೆ ಬಸ್ಸು ಹತ್ತಿ ಹೋಗಿದ್ದಳು.

ಆಮೇಲೆ ಪ್ರತಿ ತಿಂಗಳೂ ಹೋದಳು.

"ಚೆನ್ನಾಗಿದ್ದೀರಾ ಮೇಡಂ? ಸಂಗಮೇಶ್ ಅವ್ರು ಬಂದಿದ್ರಾ?" ಎಂದು ಭಾರ್ಗವ ಕೇಳುತ್ತಿದ್ದ.

"ಹೌದ್ರಿ, ಬಂದಿದ್ರು. ಮೊನ್ನೆ ಹೋದ್ರು."

"ಊಟಗೀಟ ಸರಿಯಾಗಿ ಮಾಡ್ತಿದ್ದೀರಾ? ಸೊರಗಿದ್ದೀರಿ."

ಇಷ್ಟೇ ಮಾತು. ಈ ಇಷ್ಟಕ್ಕೆ ಅವಳು ತಿಂಗಳಿಡೀ ಕಾಯುತ್ತಿದ್ದಳು. ಕ್ರೀಮಿಗೆ ಸಿಪ್ಪೆಯೆದ್ದ ಚರ್ಮ ಉರಿಯುತ್ತಿದ್ದರೂ ಅವತ್ತು ಮಾತ್ರ ಕಾಡಿಗೆ ಹಚ್ಚಿ, ಹೊಸ ಚೂಡಿದಾರ ಹಾಕಿ ಹೊರಡುತ್ತಿದ್ದಳು. ಊಟ ಮಾಡಿದೆಯಾ ಎಂದು ಕೇಳುವ ಇನ್ನೊಂದು ಜೀವ ಆ ಊರಲ್ಲಿ ಇರಲಿಲ್ಲ.

ನಿಜ ಹೇಳಿಬಿಡಲೇ ಎಂದು ಎಷ್ಟು ಸಲ ಅಂದುಕೊಂಡಳೋ! ಹೇಳಿದರೆ... ಸುಳ್ಳಿ ಅಂದುಕೊಂಡರೆ? ಮದುವೆಯಿಲ್ಲದೆ ಈ ಮಾತ್ರೆ ಯಾಕೆಂದು ಇನ್ನೇನೋ ಅರ್ಥ ಮಾಡಿಕೊಂಡರೆ? ಈ ಎರಡು ಮಾತೂ ನಿಂತುಹೋಗುತ್ತವೆ. ಹೇಳದಿದ್ದರೆ ಜೀವನಪೂರ್ತಿ ಅವನಿಗೆ ಅವಳು ಮೇಡಮ್ಮೇ.

ಅಷ್ಟರಲ್ಲಿ ಭಾರ್ಗವ ಕಾಣಿಸುವುದೇ ನಿಂತಿತು. ಒಂದು ತಿಂಗಳು ಇರಲಿಲ್ಲ. ಮುಂದಿನ ತಿಂಗಳು ಅವಳು ರಸ್ತೆ ದಾಟುವಾಗ ಗಲ್ಲಾದ ಬಳಿಯಲ್ಲೇ ಇದ್ದವನು, ಅವಳನ್ನು ಕಂಡವನೇ ಸರಕ್ಕನೆ ಒಳಗೆ ಹೋಗಿಬಿಟ್ಟ. ವೆಂಕಟಾಚಲಯ್ಯನವರೇ ಮಾತ್ರೆ ಕೊಟ್ಟರು.

'ನನ್ನ ಮಾರಿ ನೋಡಾಕ ಆಗವಲ್ದು ಅವ್ರಿಗೆ...' ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕೂತಳು. ಬಿಟಿಎಂ ಬರುವವರೆಗೂ ಕಣ್ಣೊರೆಸಿಕೊಂಡದ್ದೇ ಬಂತು.

ಮಾತ್ರೆಯಿಂದ ವಾಕರಿಕೆ, ತಲೆನೋವು. ಮೊಡವೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಸಿಟ್ಟು ಬಂದು ಮತ್ತೆ ಡಾಕ್ಟರ ಎದುರು ಕೂತಳು.

"ತಲಿ ಸಿಡಿತೈತ್ರಿ ಡಾಕ್ಟ್ರ. ಹೊಟ್ಟಿ ತೊಳಸ್ತೈತಿ. ಗುಳ್ಳಿ ಹಂಗ ಅದಾವು."

"ತುಂಬಾ ಮೈಲ್ಡ್ ಇದೆಯಮ್ಮ. ಇದಕ್ಕಿಂತ ಕೆಟ್ಟ ಕೇಸ್ ದಿನಾ ನೋಡ್ತೀನಿ. ಕಂಟಿನ್ಯೂ ಮಾಡಿ." ಡಾಕ್ಟರು ಆಗಲೇ ಗಂಟೆ ಒತ್ತಿದ್ದರು. "ಮದುವೆ ಆದ್ರೆ ತಾನಾಗೇ ಸರಿಹೋಗತ್ತೆ."

ಚೀಟಿ ಮಡಚಿಕೊಂಡು ಹೊರಗೆ ಬಂದಳು. ಮೈಲ್ಡ್ ಅಂತೆ! ಆ ಮೈಲ್ಡಿಗೇ ಅವಳ ಕುರ್ಚಿ ಹೋಗಿತ್ತು, ನಿದ್ದೆ ಹೋಗಿತ್ತು, ಮಾತಾಡಿಸುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಹೋಗಿದ್ದ. ಉಳಿದ ಮಾತ್ರೆಗಳನ್ನು ಕೊಟ್ಟ ಜಾಗದಲ್ಲೇ ಎಸೆದು ಬರುತ್ತೇನೆಂದು ಬನಶಂಕರಿಯ ಬಸ್ಸು ಹತ್ತಿದಳು. ಅದು ಅವಳು ಅಂಗಡಿಗೆ ಬರುವ ದಿನವಾಗಿರಲಿಲ್ಲ. ಭಾರ್ಗವ ಒಬ್ಬನೇ ಇದ್ದ. ಅವಳನ್ನು ಕಂಡು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ.

"ಏನಾಯ್ತು ಮೇಡಂ? ಯಾಕೆ ಹೀಗಿದ್ದೀರಾ?"

"ಇವು ನನಗ ಬ್ಯಾಡ್ರಿ. ತಲಿ ಸಿಡಿದು ಸಾಯ್ಲಿಕ್ಕತ್ತೀನಿ. ಡಾಕ್ಟ್ರು ಮೈಲ್ಡ್ ಅಂತಾರ, ಕೇಳಂಗೇ ಇಲ್ಲ."

ಅವನು ಗಾಬರಿಯಾದ. "ಅವರು ಕೇಳ್ದಿದ್ರೆ ಬೇರೆ ಡಾಕ್ಟ್ರಿಗೆ ತೋರ್ಸೋಣ. ಒಬ್ರೇ ಹೋಗ್ಬೇಡಿ. ಸಂಗಮೇಶ್ ಅವ್ರಿಗೆ ಫೋನ್ ಮಾಡಿ, ರಜಾ ಹಾಕಿ ಬರ್ಲಿ. ಹೆಂಡ್ತಿಗಿಂತ ಕೆಲ್ಸ ಹೆಚ್ಚಾ?"

ಭಾಗ್ಯಜ್ಯೋತಿಗೆ ಇನ್ನು ತಡೆಯಲಾಗಲಿಲ್ಲ.

"ಎಲ್ಲಿ ಸಂಗಮೇಶ್ರೀ? ಅಂಥವ್ರು ಯಾರೂ ಇಲ್ಲ. ನನಗ ಮದ್ವೀನ ಆಗಿಲ್ಲ."

ಮಾತ್ರೆಯ ಕವರನ್ನು ಅವನ ಮುಂದೆ ಹಿಡಿದಳು.

"ಈ ಗುಳಿಗಿ ಮಾರಿಗೆ ಕೊಟ್ಟಾರ್ರಿ. ಈ ಗುಳ್ಳಿಗೆ. ಅವತ್ತು ಅಷ್ಟು ಮಂದಿ ಮುಂದ ಹೇಳಾಕ ನಾಚಿಕಿ ಬಂತು... ಬಾಯಿಗೆ ಬಂದದ್ದು ಅಂದೆ. ಆಮ್ಯಾಲ ನಾ ಬಂದಾಗೊಮ್ಮೆ ನೀವು ಅವ್ರನ್ನ ಕೇಳ್ತಿದ್ರಿ. ಇಲ್ಲ ಅಂದ್ರ ನೀವು ಮಾತಾಡೂದು ಬಿಟ್ಟೀರಿ ಅಂತ ಹೆದರಿದೆ. ಹೇಳದಿದ್ರೂ ಬಿಟ್ರಿ."

ಭಾರ್ಗವ ಸರಕ್ಕನೆ ಒಳಗೆ ಹೋದ.

ಮುಗಿಯಿತು ಅಂದುಕೊಂಡಳು ಅವಳು. ಮಾತ್ರೆಯ ಕವರನ್ನು ಅಲ್ಲೇ ಇಟ್ಟು ಬಸ್ ಸ್ಟಾಪಿನ ಕಡೆ ನಡೆದಳು. ಇಡೀ ಬೆಂಗಳೂರಿನಲ್ಲಿ ತನ್ನಷ್ಟು ಒಂಟಿ ಇನ್ನೊಬ್ಬರಿಲ್ಲ ಅನ್ನಿಸಿತು.

"ಮೇಡಂ... ಮೇಡಂ... ಅಯ್ಯೋ, ನಿಮ್ಮ ಹೆಸರೇ ಗೊತ್ತಿಲ್ಲ ನನಗೆ!"

ಹಿಂದಿನಿಂದ ಓಡಿ ಬಂದಿದ್ದ. ಕೈಯಲ್ಲಿ ನೀರಿನ ಬಾಟಲಿ, ಏದುಸಿರು.

"ನೀರು ತರೋಣಾಂತ ಒಳಗೆ ಹೋದ್ರೆ ಹೊರಟೇಬಿಡೋದಾ?"

"ಭಾಗ್ಯಜ್ಯೋತಿ," ಎಂದಳು ಸಣ್ಣಗೆ.

"ಭಾಗ್ಯಜ್ಯೋತಿ," ಅವನು ಮೆಲ್ಲಗೆ ಹೇಳಿ ನೋಡಿದ. "ನಾನು ಯಾಕೆ ತಪ್ಪಿಸ್ಕೊಂಡು ಓಡಾಡ್ತಿದ್ದೆ ಗೊತ್ತಾ? ಇನ್ನೊಬ್ರ ಹೆಂಡ್ತಿ ಯಾವತ್ತು ಬರ್ತಾರೋ ಅಂತ ದಾರಿ ನೋಡೋದು ತಪ್ಪಲ್ವಾ? ನೀವು ಬರೋ ದಿನ ಹತ್ರ ಬಂದ್ರೆ ಮಾವನ್ನ ಕೂರಿಸಿ ಒಳಗೆ ಹೋಗ್ತಿದ್ದೆ. ಇಲ್ದಿರೋ ಸಂಗಮೇಶನ ಹತ್ರ ಮನಸ್ಸಲ್ಲೇ ಎಷ್ಟು ಸಲ ಕ್ಷಮೆ ಕೇಳಿದ್ದೀನೋ."

ಅವಳ ಕಣ್ಣು ಮತ್ತೆ ತುಂಬಿದವು.

"ನಾನು... ನನ್ನ ಮಾರಿ ನೋಡಿ ಹೇಸ್ಕೊಂಡ್ರಿ ಅನ್ಕೊಂಡಿದ್ದೆ."

ಭಾರ್ಗವ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅವಳ ಕೈ ತಾನಾಗಿ ಗದ್ದ ಮುಚ್ಚಲು ಹೋಯಿತು. ಅರ್ಧಕ್ಕೆ ತಡೆದುಕೊಂಡಳು.

"ಮೊಡವೆ ಇದೆ. ಇಲ್ಲ ಅಂತ ಸುಮ್ಸುಮ್ನೆ ಹೇಳಲ್ಲ," ಎಂದ ಅವನು. "ಡಾಕ್ಟ್ರು ಮೈಲ್ಡ್ ಅನ್ಲಿ, ಇನ್ನೊಂದು ಅನ್ಲಿ. ನೀವು ಇಷ್ಟು ಅತ್ತಿದ್ದೀರಿ ಅಂದ್ಮೇಲೆ ನನಗದು ಸಣ್ಣದಲ್ಲ. ಆದ್ರೆ ಅದು ಹೋದ್ರೂ ಇದ್ರೂ ನನಗೆ ನೀವು ಬೇಕು."

ಇಷ್ಟು ದಿನ ಇಂಥದೊಂದು ಮಾತಿಗೇ ಅವಳು ಕಾದಿದ್ದಳು. ಬಿಟಿಎಂ ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಕದಲಲಿಲ್ಲ.

"ಬೇರೆ ಡಾಕ್ಟ್ರ ಹತ್ರ ಹೋಗೋಣ. ನಾನೂ ಜೊತೆಗೆ ಬರ್ತೀನಿ," ಎಂದ ಅವನು ಕೊನೆಗೆ. "ಬರ್ಬಹುದಾ?"

"ಇವ್ರು ಯಾರು ಅಂತ ಕೇಳಿದ್ರ?"

"ನೀವೇ ಹೇಳಿ. ಏನಂತೀರಾ?"

"ನಮ್ಮ ಮನಿಯವ್ರು ಅಂತೀನ್ರಿ."

ಭಾರ್ಗವನ ಮುಖ ಅರಳಿತು. ಆದರೂ ಬಿಡಲಿಲ್ಲ. "ಮತ್ತೆ ಸುಳ್ಳಾ?"

ಭಾಗ್ಯಜ್ಯೋತಿ ತಲೆ ತಗ್ಗಿಸಲಿಲ್ಲ. ಬೀದಿದೀಪದ ಬೆಳಕು ನೇರ ಅವಳ ಮುಖದ ಮೇಲೇ ಇತ್ತು.

"ಅದು ಸುಳ್ಳಾಗದಂಗ ನೋಡ್ಕೊಳ್ಳೂದು ಇನ್ನ ನಿಮ್ಮ ಕೈಯಾಗೈತ್ರಿ."