ಅಚ್ಚಿಗೆ ಕೂರದ ಕುರಿಮರಿ

ಏಳು ಬೆಟ್ಟದಾಚೆ, ನಮ್ಮಜ್ಜನ ಮುತ್ತಜ್ಜನಿಗೂ ಹಿಂದೆ, ಕಲ್ಲಂದೂರು ಅಂತ ಒಂದು ರಾಜ್ಯ. ರಾಜನದು ಬರೀ ಕಿರೀಟ. ಆಳುತ್ತಿದ್ದವನು ಮಾಂತ್ರಿಕ ಜಡೆಗುಂಡ. ಅವನ ಕೋಟೆಯಲ್ಲಿ ಭೂಮಿಯ ಮೊದಲ ಕುರಿ, ಮೊದಲ ಕೋಳಿ, ಮೊದಲ ಹುಲಿಯ ಕಲ್ಲಚ್ಚುಗಳಿದ್ದವು. ಸಣ್ಣದಕ್ಕೆ ಅಚ್ಚು ಸಣ್ಣದಾಗುತ್ತಿತ್ತು, ದೊಡ್ಡದಕ್ಕೆ ದೊಡ್ಡದಾಗುತ್ತಿತ್ತು, ಆಕಾರ ಮಾತ್ರ ಬದಲಾಗುತ್ತಿರಲಿಲ್ಲ. ಹುಟ್ಟಿದ ಪ್ರತಿ ಮರಿಯನ್ನೂ ಅದರ ಜಾತಿಯ ಅಚ್ಚಿನಲ್ಲಿ ಕೂರಿಸಬೇಕು. ಸರಿಯಾಗಿ ಕೂರದಿದ್ದರೆ ಮರಿ ಅಲ್ಲೇ ಕಲ್ಲಾಗುತ್ತಿತ್ತು!

ಒಂದು ಸಲ ಜಡೆಗುಂಡ ಕೋಟೆಯ ಕಂದಕ ತುಂಬಲು ಹೊಳೆ ತಿರುಗಿಸಿದ. ಕುರುಬರ ಮಾಳಿಂಗನ ಹುಲ್ಲುಗಾವಲೆಲ್ಲ ಕೆಸರಾಯಿತು. ಕುರಿಗಳು ಹೂತು ಹೂತು ಸತ್ತವು. ಗೊರಸಿನ ಸೀಳಿನಲ್ಲಿ ಉಗುರಿನಷ್ಟು ತೊಗಲಿದ್ದ ಒಂದೆರಡು ಮರಿ ಉಳಿದವು. ಅಚ್ಚಿಗಿಟ್ಟರು, ಕೂತವು. ಅವುಗಳ ಮರಿಗೆ ತೊಗಲು ಬೆರಳಗಲ. ಒತ್ತಿದರು, ಕೂತಿತು. ಆ ಮರಿಯ ಮರಿಗೆ ಬಾತುಕೋಳಿಯ ಪಾದ! ಕೆಸರ ಮೇಲೆ ಪಟಪಟ ಓಡಿತು, ಕಂದಕದಲ್ಲಿ ಈಜಿತು. ಆ ವರ್ಷ ಮಾಳಿಂಗನ ಹಟ್ಟಿಯಲ್ಲಿ ಹುಟ್ಟಿದ್ದು ಅದೊಂದೇ. ಭಟರು ಬಂದು ಅದನ್ನೂ ಹೊತ್ತೊಯ್ದರು.

ಮಾಳಿಂಗ ಹೆಗಲ ಕಂಬಳಿಯನ್ನೂ ಇಳಿಸದೆ ಸಭೆಗೆ ನುಗ್ಗಿದ.

"ಇದು ಯಾವ ಪ್ರಾಣಿಯೋ, ಕುರಿ ಕಾಯೋನೇ?" ಜಡೆಗುಂಡ ಗುಡುಗಿದ.

"ಕುರಿ ಹೆತ್ತದ್ದು, ಸ್ವಾಮಿ."

"ಇದು ಕುರಿ ಅಲ್ಲ!"

"ಯಾವತ್ತಿಂದ ಅಲ್ಲ? ಇದರ ಅಜ್ಜಿ ಕೂತಳು, ಅವ್ವನೂ ಕೂತಳು. ಯಾವ ಹೆರಿಗೇಲಿ ಕುರಿ ಕುರಿಯಲ್ಲದಂಗಾತು? ಬೆರಳಿಟ್ಟು ತೋರಿಸು!"

ಮಾಂತ್ರಿಕ ಅಚ್ಚಿನತ್ತ ಕೈಚಾಚಿದ. "ಬಾಯಿ ಮುಚ್ಚು! ಅಚ್ಚು ಹೇಳಿದ್ದೇ ಸತ್ಯ."

"ಕೆಸರು ಮಾಡಿದೋನು ನೀನು, ಪಾದ ಮಾಡ್ಕೊಂಡು ಬದುಕಿದ್ದು ಅದು. ತಪ್ಪು ಯಾರದಯ್ಯಾ? ಮನುಷ್ಯನ ಅಚ್ಚೂ ಇರಬೇಕಲ್ಲ, ಮೊದಲು ನೀನು ಕೂರು. ಕೂತರೆ ಮರಿ ಜೊತೆ ನನ್ನನ್ನೂ ಕಲ್ಲು ಮಾಡು!"

ಸಭೆ ಗೊಳ್ಳೆಂದಿತು. ಮಾನ ಹೋದೀತೆಂದು ಜಡೆಗುಂಡ ಮೂಲೆಯ ಅಚ್ಚಿನ ಧೂಳು ಕೊಡವಿಸಿ ಒಳಗೆ ಮಲಗಿದ. ಅದೋ ಮೊದಲ ಮನುಷ್ಯನದು! ಮೊಣಕಾಲು ಮುಟ್ಟುವ ಕೈ, ಹಣೆಯೇ ಇಲ್ಲ, ಹಿಂದೆ ಗೇಣುದ್ದ ಬಾಲದ ಗುಂಡಿ. ಮಾಂತ್ರಿಕನ ಅಗಲ ಹಣೆ ಹೊರಗುಳಿಯಿತು, ಬಾಲದ ಗುಂಡಿ ಖಾಲಿ ಉಳಿಯಿತು. ಅಂಗಾಲಿಂದ ನೆತ್ತಿತನಕ ಕಲ್ಲಾಗಿಬಿಟ್ಟ!

ಅಚ್ಚುಗಳೆಲ್ಲ ಫಳಾರನೆ ಒಡೆದವು. ಕಲ್ಲಾಗಿದ್ದ ಸಾವಿರ ಮರಿಗಳು ಮೈಕೊಡವಿ ಎದ್ದವು. ಮೂರು ಕೊಂಬಿನವು, ಪಟ್ಟೆಯವು, ರೆಕ್ಕೆ ಮೊಳೆತವು, ಒಂದೊಂದೂ ಒಂದೊಂದು ಕಡೆ ಓಡಿದವು.

ಅಂದಿನಿಂದ ಕಲ್ಲಂದೂರಿನವರು ಸುಖವಾಗಿದ್ದಾರೆ. ಮರಿ ಹುಟ್ಟಿದರೆ ಅಳತೆ ಹಿಡಿಯುವುದಿಲ್ಲ, "ಏನವ್ವಾ, ಹೊಸದೇನು ತಂದೆ?" ಎಂದು ಅದರ ಕಾಲೆತ್ತಿ ನೋಡುತ್ತಾರೆ. ಆ ಬಾತುಪಾದದ ಮರಿಯ ವಂಶದ ನೀರುಕುರಿಯ ಬೆನ್ನೇರಿ ನಾನೇ ಮೂರು ಹೊಳೆ ದಾಟಿದ್ದೇನೆ. ನಂಬದವರು ಬಂದು ನನ್ನ ಪಂಚೆ ಮುಟ್ಟಿ ನೋಡಲಿ, ಇನ್ನೂ ಒದ್ದೆ!